ಮೂರು ಸಲ ತಟ್ಟಿದರೆ

ಫೆಬ್ರವರಿ ೯

ಸಿಸ್ಟರಮ್ಮನವರಿಗೆ ಡ್ರೈವರಣ್ಣನ ನಮಸ್ಕಾರ.

ನನ್ನ ಅಕ್ಷರ ನೋಡಿ ನಗಬೇಡಿ. ಇಷ್ಟು ವರ್ಷ ಟ್ರಿಪ್ ಶೀಟಿನಲ್ಲಿ ಕಿಲೋಮೀಟರು ಬರೆದದ್ದು ಬಿಟ್ಟರೆ ಪೆನ್ನಿಗೆ ಬೇರೆ ಕೆಲಸ ಕೊಟ್ಟವನಲ್ಲ. ಫೋನು ಮಾಡೋಣವೆಂದರೆ ನಿಮ್ಮದು ಸ್ವಿಚ್ ಆಫ್. ಕೊನೆಗೆ ನಿಮ್ಮ ಅಣ್ಣನ ಅಂಗಡಿಯ ನಂಬರಿಗೆ ಮಾಡಿದೆ. ಅತ್ತಿಗೆ ಎತ್ತಿಕೊಂಡರು. ಫೋನು ಬಡಿದುಕೊಂಡರೆ ಈಗಲೂ ನೀವು ಡ್ಯೂಟಿಗೆ ಕರೆ ಬಂದ ಹಾಗೆ ಎದ್ದು ನಿಂತುಬಿಡುತ್ತೀರಂತೆ. ಆಮೇಲೆ ಎಲ್ಲಿಗೆ ಹೋಗಬೇಕೆಂದು ಗೊತ್ತಾಗದೆ ಅಲ್ಲೇ ನಿಂತಿರುತ್ತೀರಂತೆ. ಕಾಗದವಾದರೆ ಸದ್ದಿಲ್ಲದೆ ಬಂದು ಬೀಳುತ್ತದೆ ಎಂದು ಬರೆಯುತ್ತಿದ್ದೇನೆ.

ನಾನೀಗ ಆಂಬುಲೆನ್ಸ್ ಓಡಿಸುತ್ತಿಲ್ಲ. ಡಿಪೋದ ಸ್ಟೋರಿನಲ್ಲಿ ಕೂರಿಸಿದ್ದಾರೆ. ಟಯರು, ಆಯಿಲ್ ಫಿಲ್ಟರು, ವೈಪರ್ ಎಣಿಸಿ ಕೊಡುವ ಕೆಲಸ. ಅಪಘಾತದ ವಿಚಾರಣೆ ಮುಗಿಯಿತು, ನಮ್ಮಿಬ್ಬರದೂ ತಪ್ಪಿಲ್ಲ ಎಂದು ಕಾಗದ ಬಂತು. ಆದರೆ ನನ್ನ ಬಲಗಾಲಿಗೆ ಆ ಕಾಗದವನ್ನು ಯಾರೂ ಓದಿ ಹೇಳಿಲ್ಲ. ಅದು ಇನ್ನೂ ಆಕ್ಸಿಲರೇಟರ್ ಒತ್ತುತ್ತಲೇ ಇದೆ. ಊಟಕ್ಕೆ ಕೂತರೂ ಒತ್ತುತ್ತದೆ, ಕ್ಷೌರಕ್ಕೆ ಕೂತರೂ ಒತ್ತುತ್ತದೆ. ಸ್ಟೋರಿನ ಮೇಜಿನ ಕೆಳಗಿನ ಹಲಗೆ ಬಿರುಕು ಬಿಟ್ಟಿದೆ. ಡಾಕ್ಟರು ನೋಡಿ, "ಕಾಲಲ್ಲಿ ಏನೂ ಇಲ್ಲ, ಇರೋದು ತಲೇಲಿ" ಎಂದರು. ನನ್ನ ಹೆಂಡತಿ, "ಅದು ನಂಗೆ ಮದುವೆಯಾದಾಗ್ಲಿಂದ ಗೊತ್ತು" ಎಂದಳು. ನಗಿಸಲೆಂದು ಹೇಳಿದ್ದು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಅದಕ್ಕೇ ಆಫೀಸಿನವರು ಪ್ರತಿ ಶನಿವಾರ ಗುಂಪು ಚಿಕಿತ್ಸೆಗೆ ಹಾಕಿದ್ದಾರೆ. ಹೆಸರು ಕೇಳಿ ನಾನೂ ಹೆದರಿದ್ದೆ, ಸಾಲಾಗಿ ನಿಲ್ಲಿಸಿ ಸೂಜಿ ಚುಚ್ಚುತ್ತಾರೇನೋ ಎಂದು. ಹಾಗೇನಿಲ್ಲ. ಬೆಳಿಗ್ಗೆ ಹೊಲಿಗೆ ಕ್ಲಾಸು ನಡೆಯುವ ಒಂದು ಹಾಲ್. ಸಂಜೆಗೆ ಮಿಷನ್ನುಗಳನ್ನು ಗೋಡೆಗೆ ಸರಿಸಿ ದುಂಡಗೆ ಪ್ಲಾಸ್ಟಿಕ್ ಕುರ್ಚಿ ಹಾಕುತ್ತಾರೆ. ಅದರಲ್ಲಿ ಒಂದರ ಕಾಲು ಮುರಿದಿದೆ, ಯಾವುದೆಂದು ಕೂತ ಮೇಲೇ ತಿಳಿಯುವುದು. ನಡೆಸುವವರನ್ನು ಎಲ್ಲರೂ ಟೀಚರ್ ಎನ್ನುತ್ತೇವೆ. ಅಗ್ನಿಶಾಮಕದವರೊಬ್ಬರು ಬರುತ್ತಾರೆ, ಅವರಿಗೆ ಬೆಂಕಿಯಣ್ಣ ಎಂದು ನಾನೇ ಹೆಸರಿಟ್ಟೆ. ನಮ್ಮ ಕಂಟ್ರೋಲ್ ರೂಮಿನಲ್ಲಿ ಕರೆ ತೆಗೆದುಕೊಳ್ಳುವ ಹಲೋ ಮೇಡಂ ಬರುತ್ತಾರೆ. ಅವರ ದನಿ ನಿಮಗೆ ಗೊತ್ತು, ಮುಖ ನೋಡಿಲ್ಲ. ಇನ್ನೂ ಮೂರು ನಾಲ್ಕು ಜನ ಇದ್ದಾರೆ.

ನನ್ನ ಸರದಿ ಬಂದಾಗ ನಮ್ಮ ಗಾಡಿಯ ಪದ್ಧತಿ ವಿವರಿಸಿದೆ. ಹಿಂದೆ ರೋಗಿಯ ಜೊತೆ ಸಿಸ್ಟರು, ಮುಂದೆ ನಾನು, ನಡುವೆ ಗಾಜು. ಸೈರನ್ನಿನ ಗಲಾಟೆಯಲ್ಲಿ ಮಾತು ಕೇಳಿಸದು. ಅದಕ್ಕೆ ಸಿಸ್ಟರು ಸ್ಟೀಲ್ ಉಂಗುರದ ಬೆರಳಿನಿಂದ ಗಾಜು ತಟ್ಟುತ್ತಾರೆ. ಒಂದು ಸಲ ತಟ್ಟಿದರೆ ನಿಧಾನ. ಎರಡಕ್ಕೆ ಜೋರು. ಮೂರು ತಟ್ಟಿದರೆ ಇನ್ನು ಅವಸರವಿಲ್ಲ ಎಂದು. ಆಗ ನಾನು ಸೈರನ್ ನಿಲ್ಲಿಸಿ, ಕಾಲು ತೆಗೆದು, ಎಲ್ಲರ ಹಾಗೆ ಕೆಂಪು ದೀಪಕ್ಕೆ ನಿಂತು ಹೋಗುತ್ತೇನೆ, ಹಿಂದೆ ಮಲಗಿರುವವರಿಗೆ ಆಸ್ಪತ್ರೆಯಿಂದ ಆಗಬೇಕಾದ್ದು ಏನೂ ಉಳಿದಿಲ್ಲವಲ್ಲ. ನಾನು ಹಿಂದೆ ತಿರುಗಿ ನೋಡುವವನೇ ಅಲ್ಲ, ನಿಮ್ಮ ಬೆರಳೇ ನನ್ನ ಕಣ್ಣು ಎಂದೆ.

ಆಮೇಲೆ ಆ ದಿನದ್ದು ಹೇಳಿದೆ. ನೀವು ಎರಡು ತಟ್ಟಿದ್ದು, ನಾನು ಒತ್ತಿದ್ದು, ನಾಲ್ಕು ರಸ್ತೆ ಕೂಡುವಲ್ಲಿ ಕೆಂಪು ದೀಪ ದಾಟಿದ್ದು, ಸೈಕಲ್ಲು ಅಡ್ಡ ಬಂದದ್ದು, ಅದನ್ನು ತುಳಿಯುತ್ತಿದ್ದ ಗಡಿಯಾರ ರಿಪೇರಿಯವರ ಎಡಗಾಲು ಹೋದದ್ದು. ಹಿಂದೆ ಸ್ಟ್ರೆಚರಿನಲ್ಲಿ ಮಲಗಿದ್ದ ನಮ್ಮ ಪುಟ್ಟಿ ಅದಕ್ಕೂ ಮುಂಚೆಯೇ ಹೋಗಿದ್ದಳು ಎಂದು ಡಾಕ್ಟರು ಬರೆದದ್ದು. ಹಲೋ ಮೇಡಂ ಕೇಳಿದರು: "ಮತ್ತೆ ಸಿಸ್ಟರ್ ಯಾಕೆ ಮೂರು ತಟ್ಟಲಿಲ್ಲ?"

ನನಗೆ ಸ್ವಲ್ಪ ಗೊತ್ತು, ಆದರೂ ಹೇಳಲಿಲ್ಲ. ಗಾಜಿನ ಹಿಂದಿನದು ನಿಮ್ಮದು. ಒಂದು ಶನಿವಾರ ಬನ್ನಿ ಸಿಸ್ಟರಮ್ಮ. ಬಸ್ಸಿನಲ್ಲಿ ಅರ್ಧ ದಿನದ ದಾರಿ ಅಷ್ಟೇ. ಬಸ್ ಸ್ಟ್ಯಾಂಡಿಗೆ ನಾನೇ ಬರುತ್ತೇನೆ, ನಡೆದುಕೊಂಡು.

ಮುಂದಿನ ಸೀಟಿನಿಂದ,
ಡ್ರೈವರಣ್ಣ


ಫೆಬ್ರವರಿ ೨೪

ಡ್ರೈವರಣ್ಣ,

ನಿಮ್ಮ ಅಕ್ಷರಕ್ಕೆ ನಗಲಿಲ್ಲ. ಓದಲು ಬಂದರೆ ತಾನೇ ನಗುವುದು. ಅಣ್ಣ, ಅತ್ತಿಗೆ, ನಾನು ಮೂವರೂ ಸೇರಿ ಬಿಡಿಸಿದೆವು.

ನಾನಿಲ್ಲಿ ಅಣ್ಣನ ಬಣ್ಣದಂಗಡಿಯಲ್ಲಿ ಕೂರುತ್ತೇನೆ. ಜನ ತಮ್ಮ ಗೋಡೆಯ ಚಕ್ಕೆ ಕಿತ್ತುಕೊಂಡು ಬಂದು "ಇದೇ ಬಣ್ಣ ಬೇಕು" ಎನ್ನುತ್ತಾರೆ. ಶೇಡ್ ಕಾರ್ಡಿನಲ್ಲಿ ಹುಡುಕಿ, ಹನಿ ಹನಿ ಸೇರಿಸಿ, ಡಬ್ಬಿಯನ್ನು ಅಲುಗಾಡಿಸುವ ಯಂತ್ರದಲ್ಲಿಟ್ಟು ತೆಗೆದರೆ ಅದೇ ಬಣ್ಣ ಬಂದಿರುತ್ತದೆ. ಆದರೆ ಗೋಡೆಗೆ ಹಚ್ಚಿದ ಮೇಲೆ ತೇಪೆ ಹಾಕಿದ್ದು ಗೊತ್ತಾಗುತ್ತದೆ ಎಂದು ಬಂದು ಜಗಳವಾಡುತ್ತಾರೆ. ಅತ್ತಿಗೆ ನನ್ನ ಎದುರು ಆಂಬುಲೆನ್ಸ್ ಎಂಬ ಮಾತೇ ಎತ್ತುವುದಿಲ್ಲ. ಟೀವಿಯಲ್ಲಿ ಬಂದರೆ ಚಾನೆಲ್ ಬದಲಿಸುತ್ತಾರೆ. ಮನೆಯಲ್ಲಿದ್ದ ಗಾಜಿನ ಲೋಟಗಳನ್ನೆಲ್ಲ ಅಟ್ಟಕ್ಕೆ ಏರಿಸಿದ್ದಾರೆ, ಯಾಕೆಂದು ನಾನೂ ಕೇಳಿಲ್ಲ.

ನಾನೂ ಸುಮ್ಮನೆ ಕೂತಿಲ್ಲ. ಪ್ರತಿ ಬುಧವಾರ ಕೌನ್ಸೆಲರ್ ಮೇಡಂ ಹತ್ತಿರ ಹೋಗುತ್ತೇನೆ. ಚಿಕ್ಕ ರೂಮು, ಎದುರುಬದುರು ಎರಡು ಕುರ್ಚಿ, ಕಣ್ಣೊರೆಸಲು ಕಾಗದದ ಪೆಟ್ಟಿಗೆ. ಗಡಿಯಾರವನ್ನು ನನ್ನ ತಲೆಯ ಹಿಂದಿನ ಗೋಡೆಗೆ ಹಾಕಿದ್ದಾರೆ, ಅವರಿಗೆ ಕಾಣಬೇಕು, ನನಗೆ ಕಾಣಬಾರದು ಎಂದು. ಅವರು ಬಾಗಿಲು ಮುಚ್ಚುತ್ತಾರಲ್ಲ, ಆ ಸದ್ದಿಗೇ ನನಗೆ ಅರ್ಧ ಉಸಿರು ಬರುತ್ತದೆ. ಮಧ್ಯೆ ಬಾಯಿ ಹಾಕುವವರಿಲ್ಲ. ಅಯ್ಯೋ ಪಾಪ ಎನ್ನುವವರಿಲ್ಲ. ಆ ಹೊತ್ತು ಪೂರ್ತಿ ನನ್ನದೊಬ್ಬಳದೇ. ಏನೂ ಹೇಳದೆ ಬರೀ ಅತ್ತು ಎದ್ದು ಬಂದ ಬುಧವಾರಗಳೂ ಇವೆ. ನಿಮ್ಮ ದುಂಡು ಕುರ್ಚಿಯಲ್ಲಿ ಅದು ಸಾಧ್ಯವೇ? ಪಕ್ಕದವರ ಸರದಿ ಬಂದುಬಿಡುವುದಿಲ್ಲವೇ?

ಪೂರ್ತಿ ಕಥೆ ಹೇಳಿದ್ದು ಅವರೊಬ್ಬರಿಗೇ. ನಿಮಗೆ ಹೇಳದೆ ಉಳಿದಿದ್ದನ್ನು ಇಲ್ಲಿ ಬರೆಯುತ್ತೇನೆ. ಇದು ನಿಮಗೆ ಮಾತ್ರ. ಓದಿ ಹರಿದುಹಾಕಿ.

ಪುಟ್ಟಿಗೆ ಉಬ್ಬಸ ಬಂದಾಗಲೆಲ್ಲ ನಾವೇ ಕರೆದುಕೊಂಡು ಹೋಗುತ್ತಿದ್ದುದು. ಒಂದು ಸಲ ಆಕ್ಸಿಜನ್ ಕೊಟ್ಟು ಸ್ವಲ್ಪ ಹುಷಾರಾದ ಮೇಲೆ, "ಆಂಟಿ, ಯಾಕೆ ತಟ್ತೀರ?" ಎಂದಳು. ಆಟದ ಹಾಗೆ ಹೇಳಿಕೊಟ್ಟೆ. ಅವಳೇ ಒಂದು ಸಲ ತಟ್ಟಿದಳು, ನೀವು ನಿಧಾನಿಸಿದಿರಿ, ಮಾಸ್ಕಿನೊಳಗೇ ಎಷ್ಟು ನಕ್ಕಳು ಗೊತ್ತಾ. "ಮೂರು ತಟ್ಟಿದ್ರೆ?" ಎಂದಳು. "ಅವಸರ ಇಲ್ಲ ಅಂತ" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಅವಳಮ್ಮನಿಗೆ ಆಯಿತು.

ಆ ದಿನ ಪುಟ್ಟಿಯ ನಾಡಿ ನಿಂತಾಗ ಕಿಟಕಿಯಲ್ಲಿ ಪೆಟ್ರೋಲ್ ಬಂಕು ಕಾಣುತ್ತಿತ್ತು. ಅವಳಮ್ಮ ಮಗುವಿನ ಪಾದ ಹಿಡಿದುಕೊಂಡು ನನ್ನ ಕೈಯನ್ನೇ ನೋಡುತ್ತಿದ್ದರು. ಮಗುವಿನ ಮುಖವನ್ನಲ್ಲ, ನನ್ನ ಉಂಗುರದ ಬೆರಳನ್ನು. ಕೈ ಗಾಜಿನವರೆಗೂ ಹೋಯಿತು ಡ್ರೈವರಣ್ಣ. ಅವರು ಬೇಡ ಎಂದು ತಲೆಯಾಡಿಸಿದರು. ನಾನು ಕೈ ಇಳಿಸಿದೆ.

ಮೇಡಂ ಹೇಳುತ್ತಾರೆ: ತಟ್ಟಿದ್ದರೂ ಏನೂ ಬದಲಾಗುತ್ತಿರಲಿಲ್ಲವೇನೋ, ಅಂಥ ವೇಗದಲ್ಲಿದ್ದಿರಿ, ಕೇಳಿಸುತ್ತಿತ್ತೋ ಇಲ್ಲವೋ, ನಿಲ್ಲಿಸಲು ಆಗುತ್ತಿತ್ತೋ ಇಲ್ಲವೋ ಎಂದು. ಆ ಒಂದು ಮಾತನ್ನು ಹಿಡಿದುಕೊಂಡು ಬೆಳಿಗ್ಗೆ ಏಳುತ್ತಿದ್ದೇನೆ. ಅದನ್ನು ಹತ್ತು ಜನರ ನಡುವೆ ತಂದಿಟ್ಟು ಪರೀಕ್ಷೆ ಮಾಡಲು ನನ್ನಿಂದಾಗದು.

ಹಿಂದಿನ ಸೀಟಿನಿಂದ,
ಸಿಸ್ಟರ್


ಮಾರ್ಚ್ ೧೦

ಸಿಸ್ಟರಮ್ಮ,

ಮೊದಲೇ ಹೇಳಿಬಿಡುತ್ತೇನೆ, ಬೈದು ಮುಗಿಸಿ ಆಮೇಲೆ ಮುಂದಕ್ಕೆ ಓದಿ. ನಿಮ್ಮ ಕಾಗದ ಹರಿಯಲಿಲ್ಲ. ಗುಂಪಿನಲ್ಲಿ ಓದಿದೆ.

ಓದಬೇಕೆಂದು ಹೋಗಿರಲಿಲ್ಲ. ಜೇಬಿನಲ್ಲಿತ್ತು. ಹಲೋ ಮೇಡಂ ಮತ್ತೆ ಅದೇ ಪ್ರಶ್ನೆ ಕೇಳಿದರು. ಆ ಕರೆ ತೆಗೆದುಕೊಂಡವರು ಅವರೇ ಅಂತೆ. ಪುಟ್ಟಿಯ ಅಮ್ಮ "ಬೇಗ ಬನ್ನಿ" ಎಂದದ್ದು ಅವರ ಕಿವಿಯಲ್ಲೇ. ಅವರಿಗೆ ಯಾವ ಕರೆಯೂ ಕೊನೆ ಮುಟ್ಟುವುದಿಲ್ಲ ನೋಡಿ. ಗಾಡಿ ಕಳಿಸಿದರೆ ಮುಗಿಯಿತು, ಮುಂದಿನ ಕರೆ. ಬದುಕಿದರೋ ಸತ್ತರೋ ಯಾರೂ ಹೇಳುವುದಿಲ್ಲ. "ಒಂದಾದ್ರೂ ಪೂರ್ತಿ ಕೇಳಿಸಿ" ಎಂದು ಅಂಗಲಾಚಿದರು. ನನ್ನ ಕೈ ಜೇಬಿಗೆ ಹೋಯಿತು.

ಓದಿ ಮುಗಿಸಿ ಕಾಗದ ಮಡಿಚಿದೆ. ಆಮೇಲೆ ಬೆಂಕಿಯಣ್ಣ, "ಆ ತಾಯಿ ಹಾಗೆ ನೋಡ್ತಿದ್ರೆ ನಾನೂ ತಟ್ತಿರಲಿಲ್ಲ" ಎಂದರು. ಅವರು ಬೆಂಕಿ ಹತ್ತಿದ ಒಂದು ಮಹಡಿಯ ಬಾಗಿಲನ್ನು ಹೊರಗಿನಿಂದ ಮುಚ್ಚಿ ಬಂದವರು. ಮುಚ್ಚದಿದ್ದರೆ ಇಡೀ ಕಟ್ಟಡ ಹೋಗುತ್ತಿತ್ತು. ಒಳಗೆ ಯಾರೋ ಒಬ್ಬರು ಇದ್ದರು.

ನಿಮ್ಮ ಮೇಡಂ ಒಳ್ಳೆಯವರೇ ಇರಬೇಕು. ಆದರೆ ನಿಮ್ಮನ್ನು ಸಮಾಧಾನ ಮಾಡುವುದು ಅವರ ಕೆಲಸ. ಬೆಂಕಿಯಣ್ಣನಿಗೆ ಆ ಕೆಲಸವನ್ನು ಯಾರೂ ಕೊಟ್ಟಿಲ್ಲ. ಕೊಡುವುದೂ ಇಲ್ಲ, ಆ ಮನುಷ್ಯ ಎಂಥ ಒರಟು ಎಂದರೆ ಮೊನ್ನೆ ನಾನು ಅಳುವಾಗ "ಮೂಗು ಒರೆಸ್ಕೊಳ್ರೀ ಮೊದ್ಲು" ಎಂದು ಬೈದರು. ಅಂಥವರ ಬಾಯಿಂದ ಆ ಮಾತು ಬಂತು.

ಗಡಿಯಾರ ರಿಪೇರಿಯವರ ಅಂಗಡಿಗೆ ಹೋಗಿದ್ದೆ. ಕಣ್ಣಿಗೆ ಭೂತಗನ್ನಡಿ ಇಟ್ಟುಕೊಂಡು ಬಗ್ಗಿ ಕೂತಿದ್ದರು. ನಾನು ಯಾರೆಂದು ಹೇಳಿದೆ. ತಲೆ ಎತ್ತಲಿಲ್ಲ. "ನನ್ನ ಕೆಲಸಕ್ಕೆ ಕಾಲು ಬೇಕಾಗಿಲ್ಲ, ನೀವು ಹೋಗಿ" ಎಂದರು. ಹೊರಗೆ ಬಂದು ನಿಂತೆ. ನನ್ನ ಬಲಗಾಲು ಅಲ್ಲಿಯೂ ಫುಟ್‌ಪಾತ್ ಒತ್ತುತ್ತಿತ್ತು, ನಾಚಿಕೆಗೆಟ್ಟದ್ದು.

ಬೈಗುಳಕ್ಕೆ ಕಾಯುತ್ತಿರುವ,
ಡ್ರೈವರಣ್ಣ


ಮಾರ್ಚ್ ೨೧

ಡ್ರೈವರಣ್ಣ,

ಹರಿದುಹಾಕಿ ಎಂದಿದ್ದೆ.

ನೀವು ಹಿಂದೆ ತಿರುಗಿ ನೋಡುವವರಲ್ಲ ಎಂದು ನಂಬಿ ಇಷ್ಟು ವರ್ಷ ಆ ಗಾಜಿನ ಹಿಂದೆ ಎಲ್ಲವನ್ನೂ ಮಾಡಿದವಳು ನಾನು. ಸತ್ತವರ ಕಣ್ಣು ಮುಚ್ಚಿದ್ದೇನೆ, ಒಮ್ಮೊಮ್ಮೆ ಸ್ಟ್ರೆಚರಿನ ಪಕ್ಕ ಕೂತು ಅತ್ತಿದ್ದೇನೆ, ವಾಂತಿ ಮಾಡಿದ್ದೇನೆ. ನೀವು ತಿರುಗಲಿಲ್ಲ. ಈಗ ನೀವು ಒಬ್ಬರೇ ತಿರುಗಿದ್ದು ಸಾಲದೆಂದು ಹತ್ತು ಜನರನ್ನೂ ಕರೆದು ತೋರಿಸಿದಿರಿ.

ನಿಮ್ಮ ಬೆಂಕಿಯಣ್ಣನ ಸರ್ಟಿಫಿಕೇಟು ನನಗೆ ಬೇಡ. ನಾನು ಕೇಳಿಲ್ಲ.

ಇನ್ನು ಬರೆಯಬೇಡಿ.

ಸಿಸ್ಟರ್


ಏಪ್ರಿಲ್ ೨೮

ಸಿಸ್ಟರಮ್ಮ,

ಬರೆಯಬೇಡಿ ಎಂದಿರಿ. ಒಂದು ತಿಂಗಳು ಬಾಯಿಗೂ ಕೈಗೂ ಬೀಗ ಹಾಕಿಕೊಂಡಿದ್ದೆ. ನೀವು ಹೇಳಿದ್ದೆಲ್ಲ ಸರಿ. ಶಿಕ್ಷೆಯೂ ಆಯಿತು, ಕೇಳಿ ಸಂತೋಷಪಡಿ.

ಗುಂಪಿನಲ್ಲಿ ಹೇಳಿದ್ದು ಗುಂಪಿನಲ್ಲೇ ಇರಬೇಕು ಎನ್ನುವುದು ಮೊದಲ ದಿನದ ನಿಯಮ. ಯಾರೋ ಒಬ್ಬರು ಮನೆಯಲ್ಲಿ ಹೇಳಿದರು, ಮನೆಯವರು ಇನ್ನಾರಿಗೋ ಹೇಳಿದರು, ತಿರುಗಿ ತಿರುಗಿ ಡಿಪೋಗೆ ಬಂತು. "ಏನಣ್ಣಾ, ಶನಿವಾರ ಅಳೋ ಕ್ಲಾಸಾ?" ಎಂದು ಮೆಕ್ಯಾನಿಕ್ಕುಗಳು ಕೇಳಿದರು. ನನ್ನನ್ನು ಅಂದರೆ ಪರವಾಗಿಲ್ಲ. ನಿಮ್ಮ ವಿಷಯ ಬಂದಾಗ ಸ್ಪ್ಯಾನರ್ ಎತ್ತಿಕೊಂಡೆ, ನಾಲ್ಕು ಜನ ಹಿಡಿದುಕೊಂಡರು. ಮುಂದಿನ ಶನಿವಾರ ಗುಂಪಿನಲ್ಲಿ ಇದನ್ನು ಇಟ್ಟೆ. ಹೇಳಿದವರು ಅಲ್ಲೇ ಒಪ್ಪಿಕೊಂಡು ಅತ್ತರು. ಯಾರೆಂದು ಬರೆಯುವುದಿಲ್ಲ, ಈಗ ನಿಯಮ ಕಲಿತಿದ್ದೇನೆ. ನಾಲ್ಕು ಗೋಡೆಯ ರೂಮಿನಲ್ಲಿ ಈ ತಾಪತ್ರಯ ಇರುವುದಿಲ್ಲ, ಅದನ್ನು ಒಪ್ಪುತ್ತೇನೆ.

ನಡುವೆ ಡಿಪೋದ ಅಂಗಳದಲ್ಲಿ ನನಗೆ ಡ್ರೈವಿಂಗ್ ಪರೀಕ್ಷೆ ಇಟ್ಟರು. ಖಾಲಿ ಗಾಡಿ, ಪಕ್ಕದಲ್ಲಿ ಇನ್‌ಸ್ಪೆಕ್ಟರು. ಹೋಗುವುದೇನೋ ಹೋಯಿತು, ಕಾಲು ಮಾತ್ರ ಮೇಲೇಳಲಿಲ್ಲ. ಎರಡು ಕೈಯಿಂದ ಮೊಣಕಾಲು ಹಿಡಿದು ಎತ್ತುವಷ್ಟರಲ್ಲಿ ಖಾಲಿ ಆಯಿಲ್ ಡ್ರಮ್ಮುಗಳ ರಾಶಿಗೆ ನುಗ್ಗಿಯಾಗಿತ್ತು. ನೋಡುತ್ತಿದ್ದವರು ನಕ್ಕರು. ಇನ್‌ಸ್ಪೆಕ್ಟರು ನಗಲಿಲ್ಲ. ಜೂನ್ ಮಧ್ಯದಲ್ಲಿ ಇನ್ನೊಂದು ಅವಕಾಶ ಕೊಡುತ್ತಾರೆ. ಅದೂ ಹೋದರೆ ಗಾಡಿಯ ಕೀಲಿ ಇನ್ನು ನನ್ನ ಕೈಗೆ ಬರುವುದಿಲ್ಲ. ಬೇರೆ ಕೆಲಸ ಬಾರದ ಮನುಷ್ಯ ನಾನು, ನಿಮಗೆ ಗೊತ್ತು.

ಟೀಚರ್ ಹೇಳಿದರು, ಮಾತು ಸಾಕು, ಕುರ್ಚಿ ಹಾಕೋಣ ಎಂದು. ಆ ಹಾಲ್‌ನ ಬಾಗಿಲಿಗೆ ದೊಡ್ಡ ಗಾಜಿದೆ. ನನ್ನ ಕುರ್ಚಿಯನ್ನು ಬಾಗಿಲಿಗೆ ಬೆನ್ನು ಮಾಡಿ ಇಟ್ಟರು. ಬಾಗಿಲ ಆಚೆ ವರಾಂಡದಲ್ಲಿ ಇನ್ನೊಂದು ಕುರ್ಚಿ, ಅದು ನಿಮ್ಮದು. ನಾನು ಆ ದಿನದ ದಾರಿ ಹೇಳುತ್ತಾ ಹೋಗಬೇಕು, ಆಸ್ಪತ್ರೆ ರಸ್ತೆ, ಶಾಲೆಯ ಕಾಂಪೌಂಡು, ಪೆಟ್ರೋಲ್ ಬಂಕು, ನಾಲ್ಕು ರಸ್ತೆ. ನಡುವೆ ಯಾರಾದರೂ ಹಿಂದಿನಿಂದ ಮೂರು ತಟ್ಟಬೇಕು. ಬೆಂಕಿಯಣ್ಣ ಕೀಲಿಯಿಂದ ತಟ್ಟಿದರು. ಹಲೋ ಮೇಡಂ ಬೆರಳಿನಿಂದ ತಟ್ಟಿದರು. ಟೀಚರ್ ತಾವೂ ತಟ್ಟಿದರು. ನನ್ನ ಕಾಲು ಯಾರಿಗೂ ಬೆಲೆ ಕೊಡಲಿಲ್ಲ. ಅದಕ್ಕೆ ನಿಮ್ಮ ಉಂಗುರದ ಸದ್ದು ಒಂದೇ ಗೊತ್ತು.

ಒಳಗೆ ಬರುವುದು ಬೇಡ. ಯಾರ ಮುಖವನ್ನೂ ನೋಡುವುದು ಬೇಡ. ಆಚೆ ಕೂತು ತಟ್ಟಿ ಹೋದರೂ ಸಾಕು. ಎಲ್ಲರಿಗೂ ಪರಿಹಾರ ಹುಡುಕುವ ಗುಂಪಿಗೆ ಇದೊಂದು ಕೈಲಾಗುತ್ತಿಲ್ಲ. ಬಾ ತಂಗಿ, ಒಂದು ಸಲ ಬಾ.

ಡ್ರೈವರಣ್ಣ


ಮೇ ೧೬

ಡ್ರೈವರಣ್ಣ,

ಇಷ್ಟು ವರ್ಷ ಸಿಸ್ಟರ್ ಎಂದವರು ತಂಗಿ ಎಂದಿದ್ದೀರಿ. ಅರ್ಥ ಒಂದೇ ಇರಬಹುದು, ಆದರೂ ಆ ಸಾಲಿನಿಂದ ಮುಂದೆ ಓದಲಾಗಲಿಲ್ಲ, ಸದ್ಯ ಅದು ಕೊನೆಯ ಸಾಲಾಗಿತ್ತು.

ಕೋಪ ಇಳಿದಿದೆ. ಮೆಕ್ಯಾನಿಕ್ಕುಗಳ ಮೇಲೆ ಸ್ಪ್ಯಾನರ್ ಎತ್ತಿದ್ದಕ್ಕಲ್ಲ. ನಿಮ್ಮ ಕಾಲಿನ ವಿಷಯ ಓದಿದ ಮೇಲೆ ನನ್ನ ಕೋಪಕ್ಕೆ ಅರ್ಥವೇ ಉಳಿಯಲಿಲ್ಲ.

ಮೇಡಂ ಹತ್ತಿರ ಕುರ್ಚಿಯ ವಿಷಯ ಹೇಳಿದೆ. "ನೀವು ಅಲ್ಲಿ ಕೂತ್ರೆ ಏನಾಗ್ಬಹುದು ಅನ್ಸುತ್ತೆ?" ಎಂದರು. ಅವರ ಕಣ್ಣು ನನ್ನ ತಲೆಯ ಮೇಲಿಂದ ಗಡಿಯಾರಕ್ಕೆ ಹೋಗಿ ಬಂತು. ಅವರ ತಪ್ಪಲ್ಲ, ಆಚೆ ಇನ್ನೊಬ್ಬರು ಕಾಯುತ್ತಿರುತ್ತಾರೆ. ಈಚೆಗೆ ನನಗೆ ಇನ್ನೊಂದು ಅನುಮಾನ ಬಂದಿದೆ. ಆ ದಿನದ ಕಥೆಯನ್ನು ಅವರಿಗೆ ಹೇಳಿ ಹೇಳಿ ನನಗೆ ಚೆನ್ನಾಗಿ ರೂಢಿಯಾಗಿಬಿಟ್ಟಿದೆ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಕಾಗದ ಎಳೆದುಕೊಳ್ಳಬೇಕು ಎಲ್ಲ ಗೊತ್ತು. ಅವರು ಅಲ್ಲಿರಲಿಲ್ಲವಲ್ಲ, ನಾನು ಹೇಗೆ ಹೇಳಿದರೆ ಹಾಗೆ. ನೀವಿದ್ದಿರಿ. ನಿಮ್ಮೆದುರು ಹಾಗೆ ಹೇಳಲು ಬರುವುದಿಲ್ಲ.

ಎರಡು ಸಲ ಬಸ್ ಸ್ಟ್ಯಾಂಡಿಗೆ ಹೋದೆ. ಒಂದು ಸಲ ಬಸ್ಸು ಹತ್ತಿ ಕೂತೂ ಆಯಿತು. ಡ್ರೈವರ್ ಸೀಟಿನ ಹಿಂದೆ ಗಾಜಿತ್ತು. ಇಳಿದುಬಿಟ್ಟೆ. ಅಣ್ಣ ಬೈಯಲಿಲ್ಲ, ಅಂಗಡಿಯ ಶಟರ್ ಅರ್ಧ ಎಳೆದು ಪಕ್ಕದಲ್ಲಿ ಕೂತುಕೊಂಡ.

ನಿಮ್ಮ ಕೀಲಿ ಹೋಗುವುದನ್ನು ಇಲ್ಲಿಂದ ನೋಡುತ್ತಾ ಕೂತಿದ್ದೇನೆ. ಬೆರಳಿದೆ, ಉಂಗುರವೂ ಇದೆ. ಕೈ ಏಳುವುದಿಲ್ಲ. ಕ್ಷಮಿಸಿ.

ತಂಗಿ


ಜೂನ್ ೫

ಸಿಸ್ಟರ್,

ನಿಮಗೆ ನನ್ನ ದನಿ ಗೊತ್ತು, ಕೈಬರಹ ಹೊಸದು. ಕಂಟ್ರೋಲ್ ರೂಮಿನಲ್ಲಿ ಕರೆ ತೆಗೆದುಕೊಳ್ಳುವವಳು ನಾನು. ವಿಳಾಸ ಡ್ರೈವರಣ್ಣನ ಹೆಂಡತಿ ಕೊಟ್ಟರು. ನಾನು ಬರೆಯುವುದು ಡ್ರೈವರಣ್ಣನಿಗೆ ಗೊತ್ತಿಲ್ಲ.

ಅವರು ಗುಂಪಿಗೆ ಬರುತ್ತಾರೆ, ಮಾತಾಡುವುದಿಲ್ಲ. ಮೊದಲು ಬಂದರೆ ಸಾಕು, ಎಲ್ಲರನ್ನೂ ನಗಿಸುತ್ತಿದ್ದರು. ಈಗ ನೇರ ಹೋಗಿ ಬಾಗಿಲಿಗೆ ಬೆನ್ನು ಹಾಕಿದ ಆ ಕುರ್ಚಿಯಲ್ಲಿ ಕೂತು ನೆಲ ಒತ್ತುತ್ತಿರುತ್ತಾರೆ. ಬೆಂಕಿಯಣ್ಣ ರೇಗಿಸಿ ನೋಡಿದರು, ಬೈದು ನೋಡಿದರು, ಕೊನೆಗೆ ಅವರ ಕಾಲ ಬಳಿ ನೆಲದಲ್ಲೇ ಕೂತರು. ನಾವು ಇಷ್ಟು ಜನ ಇದ್ದೇವೆ, ಒಬ್ಬರ ಪಾದ ಎತ್ತಲು ನಮ್ಮ ಕೈಲಾಗಲಿಲ್ಲ. ಹದಿನೆಂಟನೇ ತಾರೀಕು ಬುಧವಾರ ಅವರ ಪರೀಕ್ಷೆ. ಅದಕ್ಕೆ ಮುಂಚೆ ಉಳಿದಿರುವುದು ಎರಡೇ ಶನಿವಾರ.

ನಿಮ್ಮ ಕಾಗದವನ್ನು ಕೇಳಿಸಿಕೊಂಡವರಲ್ಲಿ ನಾನೂ ಒಬ್ಬಳು. ಅದು ನಮಗೆ ಸೇರಿದ್ದಲ್ಲ, ಗೊತ್ತು. ಆದರೆ ನನ್ನ ಜೀವನದಲ್ಲಿ ಕೊನೆವರೆಗೂ ಕೇಳಿದ ಕರೆ ಅದೊಂದೇ. ಅದಕ್ಕೆ ನಿಮಗೆ ಋಣಿ.

ಬನ್ನಿ ಎಂದು ಹೇಳಲು ಬರೆಯಲಿಲ್ಲ. ವರಾಂಡದ ಕುರ್ಚಿಯನ್ನು ನಾವು ಯಾರೂ ತೆಗೆದಿಲ್ಲ ಎಂದು ತಿಳಿಸಲು ಬರೆದೆ.

ಹಲೋ ಮೇಡಂ


ಜೂನ್ ೧೯

ತಂಗೀ,

ಕಾಲು ಎದ್ದಿತು!

ಎಲ್ಲಿಂದ ಶುರು ಮಾಡಲಿ? ಶನಿವಾರ ಎಂದಿನ ಹಾಗೆ ಕೂತಿದ್ದೆ. ಟೀಚರ್, "ಇನ್ನೊಂದು ಸಲ ದಾರಿ ಹೇಳಿ" ಎಂದರು. ಇಷ್ಟವಿಲ್ಲದೆ ಶುರು ಮಾಡಿದೆ. ಆಸ್ಪತ್ರೆ ರಸ್ತೆ ಎಂದೆ. ಶಾಲೆಯ ಕಾಂಪೌಂಡು ಎಂದೆ. ಪೆಟ್ರೋಲ್ ಬಂಕು ಬಂತು ಎಂದೆ. ಆಗ ಬೆನ್ನ ಹಿಂದೆ ಗಾಜಿನ ಮೇಲೆ ಟಣ್, ಟಣ್, ಟಣ್.

ತಿರುಗಲಿಲ್ಲ. ತಿರುಗುವ ಅಗತ್ಯವೇ ಇರಲಿಲ್ಲ. ಬಲಗಾಲು ತಾನಾಗಿ ಎದ್ದಿತು, ಬ್ರೇಕಿಗೆ ಬಂತು, ನಿಂತಿತು. ನಾಲ್ಕು ರಸ್ತೆ ಇನ್ನೂ ಎಷ್ಟೋ ದೂರ ಇತ್ತು. ಕೆಂಪು ದೀಪದ ಗೆರೆಗಿಂತ ಹಿಂದೆ ಆರಾಮವಾಗಿ ನಿಂತಿದ್ದೆ. ಗೋಡೆಗೆ ಸರಿಸಿದ ಹೊಲಿಗೆ ಮಿಷನ್ನುಗಳೆಲ್ಲ ನನ್ನ ಕಣ್ಣಿಗೆ ರಸ್ತೆ ದಾಟುವ ಜನರ ಹಾಗೆ ಕಂಡವು. ಎಲ್ಲರೂ ದಾಟಿ ಹೋಗಲಿ ಎಂದು ಕಾದೆ. ಆಮೇಲೆ ಅತ್ತುಬಿಟ್ಟೆ ನೋಡಿ, ಬೆಂಕಿಯಣ್ಣ ತಮ್ಮ ಕರ್ಚೀಫನ್ನೇ ಕೊಟ್ಟರು.

ನೀವೇ ಎಂದು ಎಲ್ಲರಿಗೂ ಗೊತ್ತಾಯಿತು. ಆದರೆ ಯಾರೂ ಏಳಲಿಲ್ಲ. ಮೂರು ತಟ್ಟಿದರೆ ಅವಸರವಿಲ್ಲ ಎಂದು ನಾನೇ ಅವರಿಗೆಲ್ಲ ಕಲಿಸಿದ್ದೆನಲ್ಲ. ಅರ್ಧ ಎದ್ದಿದ್ದ ಬೆಂಕಿಯಣ್ಣ ಕೂಡ ಕೂತುಬಿಟ್ಟರು. ಎಷ್ಟೋ ಹೊತ್ತಿನ ಮೇಲೆ ಹಲೋ ಮೇಡಂ ಬಾಗಿಲು ತೆರೆದರೆ ವರಾಂಡದಲ್ಲಿ ಯಾರೂ ಇಲ್ಲ. ಡ್ಯೂಟಿ ಮುಗಿದಾಗ ಸೀಟು ಮಡಿಸುತ್ತಿದ್ದಿರಲ್ಲ, ಹಾಗೆ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟಿದ್ದಿರಿ. ಬಸ್ ಸ್ಟ್ಯಾಂಡಿಗೆ ಓಡಿದೆ. ಸಿಗಲಿಲ್ಲ.

ನಿನ್ನೆ ಪರೀಕ್ಷೆ ಪಾಸಾದೆ. ಗೆರೆಯ ಮೇಲೆ ಅಲ್ಲ, ಗೆರೆಗಿಂತ ಹಿಂದೆ ನಿಲ್ಲಿಸಿದೆ. ಇನ್‌ಸ್ಪೆಕ್ಟರು ಬೆನ್ನು ತಟ್ಟಿದರು. ಹೆಂಡತಿ ಹೊಸ ಚಪ್ಪಲಿ ತಂದಿದ್ದಾಳೆ, ಎರಡೂ ಒಂದೇ ಸಮ ಸವೆಯಲಿ ಎಂದು. ನೋಡಿದಿರಾ, ನಿಮ್ಮ ಒಂದು ಬೆರಳಿಗೆ ಎಷ್ಟು ಶಕ್ತಿ! ತಟ್ಟಿದ ತಕ್ಷಣ ನಿಂತುಬಿಟ್ಟೆ.

ಒಳಗೆ ಯಾಕೆ ಬರಲಿಲ್ಲ? ಒಂದು ಲೋಟ ಟೀ ಆದರೂ ಕುಡಿದು ಹೋಗಬಾರದಿತ್ತೇ?

ಮತ್ತೆ ಮುಂದಿನ ಸೀಟಿನಿಂದ,
ನಿಮ್ಮ ಅಣ್ಣ


ಜೂನ್ ೨೬

ಅಣ್ಣ,

ಪಾಸಾದದ್ದು ಕೇಳಿ ಸಂತೋಷವಾಯಿತು. ನಿಜವಾಗಿಯೂ ಆಯಿತು. ಇದನ್ನು ಮೊದಲು ಓದಿಕೊಳ್ಳಿ, ಆಮೇಲಿನದು ಓದುವಾಗ ಮರೆಯಬೇಡಿ.

ವರಾಂಡದಲ್ಲಿ ಕೂತು ಗಾಜಿನಲ್ಲಿ ನಿಮ್ಮ ತಲೆಯ ಹಿಂಭಾಗ ನೋಡಿದೆ. ಇಷ್ಟು ವರ್ಷ ನಾನು ನೋಡಿದ್ದು ಅದನ್ನೇ ಅಲ್ಲವೇ. ಕೂದಲು ಪೂರ್ತಿ ಬೆಳ್ಳಗಾಗಿದೆ. ನಿಮ್ಮ ದನಿ ಕೇಳಿಸುತ್ತಿತ್ತು. ಪೆಟ್ರೋಲ್ ಬಂಕು ಬಂತು ಎಂದಿರಿ. ನನ್ನ ಕೈ ಆ ದಿನ ಎಲ್ಲಿ ಇಳಿದಿತ್ತೋ ಅಲ್ಲಿಯೇ ತಟ್ಟಿದೆ. ಬೇಕೆಂದು ಅಲ್ಲ, ಅಲ್ಲೇ ಕೈ ಎದ್ದಿತು. ಈ ಸಲ ತಲೆಯಾಡಿಸುವವರು ಯಾರೂ ಇರಲಿಲ್ಲ.

ನಿಮ್ಮ ಕಾಲು ಎದ್ದದ್ದನ್ನು ನೋಡಿದೆ. ಯಾರಾದರೂ ಬಾಗಿಲು ತೆರೆಯುತ್ತಾರೆಂದು ಕಾದೆ. ಒಳಗಿದ್ದವರು ಒಬ್ಬರೂ ಬಾಗಿಲ ಕಡೆ ಬರಲಿಲ್ಲ. ಆಗ ತಿಳಿಯಿತು ಅಣ್ಣ. ಮೂರು ತಟ್ಟಿದರೆ ನೀವು ನಿಲ್ಲುತ್ತೀರಿ. ಹತ್ತು ಜನರೂ ನಿಲ್ಲುತ್ತಾರೆ. ಬಂಕಿನಿಂದ ನಾಲ್ಕು ರಸ್ತೆಗೆ ಬೇಕಾದಷ್ಟು ದಾರಿ ಇತ್ತು. ಆ ದಿನವೂ ಇತ್ತು. ಗಡಿಯಾರ ರಿಪೇರಿಯವರು ಸೈಕಲ್ ತುಳಿದುಕೊಂಡು ನಿಮ್ಮ ಮುಂದೆಯೇ ದಾಟಿ ಮನೆಗೆ ಹೋಗುತ್ತಿದ್ದರು.

ಏನೂ ಬದಲಾಗುತ್ತಿರಲಿಲ್ಲವೇನೋ ಎಂಬ ಮಾತನ್ನು ಹಿಡಿದುಕೊಂಡು ಇದ್ದೆ ಎಂದು ಬರೆದಿದ್ದೆ. ಅದನ್ನು ನನ್ನ ಕೈಯಾರೆ ಒಡೆದುಕೊಂಡು ಬಂದೆ. ಅದಕ್ಕೇ ಕುರ್ಚಿ ಗೋಡೆಗೆ ಒತ್ತಿ ಇಳಿದುಹೋದೆ. ಮೆಟ್ಟಿಲ ಮೇಲೆ ನಿಮ್ಮ ಅಳು ಕೇಳಿಸಿತು. ಒಳಗೆ ಬಂದಿದ್ದರೆ ನಿಮ್ಮ ಸಂತೋಷದ ಮೇಲೆ ಬೀಳುತ್ತಿದ್ದೆ.

ಬುಧವಾರ ಮೇಡಂಗೆ ಹೇಳಿದೆ. ಅವರು ಒಂದು ಸಲವೂ ಗಡಿಯಾರ ನೋಡಲಿಲ್ಲ. ಆಮೇಲೆ, "ಇದಕ್ಕೆ ಏನು ಹೇಳ್ಬೇಕೋ ನಂಗೂ ಗೊತ್ತಾಗ್ತಿಲ್ಲ" ಎಂದರು. ಇಷ್ಟು ತಿಂಗಳಲ್ಲಿ ಅವರು ನನಗೆ ತುಂಬ ಹತ್ತಿರವಾದದ್ದು ಆ ಮಾತಿನಿಂದ. ಅವರನ್ನು ಬಿಡುವುದಿಲ್ಲ, ಆ ಮುಚ್ಚಿದ ಬಾಗಿಲು ನನಗೆ ಬೇಕು. ಆದರೆ ಇದನ್ನು ನಾನೊಬ್ಬಳೇ ಹೊರಲಾರೆ, ಅವರೊಬ್ಬರ ಮೇಲೆ ಹಾಕಲೂ ಮನಸ್ಸಿಲ್ಲ. ಬಾಗಿಲು ಮುಚ್ಚಿ ಬಂದವರಿಗೆ, ಕರೆಯ ಕೊನೆ ಕೇಳದವರಿಗೆ ಗೊತ್ತಿರಬಹುದು, ಇದನ್ನು ಇಟ್ಟುಕೊಂಡು ಬೆಳಿಗ್ಗೆ ಹೇಗೆ ಏಳುವುದು ಎಂದು. ಅವರಿಗೂ ಗೊತ್ತಿರಲಿಕ್ಕಿಲ್ಲ. ಆದರೂ ಅವರ ಪಕ್ಕದಲ್ಲಿ ಕೂರಬೇಕು ಅನ್ನಿಸುತ್ತಿದೆ.

ನಾಡಿದ್ದು ಶನಿವಾರ ಬರುತ್ತೇನೆ. ಬಣ್ಣದಂಗಡಿಯ ಅಣ್ಣ ಬಸ್ಸಿನಲ್ಲಿ ಜೊತೆಗೆ ಬರುತ್ತಾನೆ, ಗಾಜಿನಿಂದ ದೂರದ ಸೀಟು ಹಿಡಿಯುತ್ತಾನಂತೆ. ವರಾಂಡದ ಕುರ್ಚಿಯನ್ನು ಒಳಗೆ ಹಾಕಿಸಿ. ಕಾಲು ಮುರಿದದ್ದನ್ನು ಕೊಡಬೇಡಿ. ಬಾಗಿಲು ಮಾತ್ರ ತೆರೆದಿಟ್ಟಿರಿ. ಇನ್ನು ನನ್ನಿಂದ ತಟ್ಟಲು ಆಗುವುದಿಲ್ಲ.

ತಂಗಿ